ಹಂಟಿಂಗ್ಟನ್ ರೋಗ: ವಂಶದಲ್ಲಿ ಇಳಿದುಬರುವ ಒಂದು ನರವ್ಯಾಧಿಯ ವಿಚಾರ

ಪೀಠಿಕೆ

ಈ ಶಾಲೆಯಲ್ಲಿ ನಾವು ವಿಜ್ಞಾನವನ್ನು ಬೋಧಿಸುತ್ತಿದ್ದ ಕಾಲದಲ್ಲಿ, ಮೇಲಿನ ತರಗತಿಯ ಬಾಲಿಕೆಯರಿಗೆ ವರ್ಷಕ್ಕೊಮ್ಮೆ ಬಟಾಣಿಗಿಡದ ಪಾಠವನ್ನು ಹೇಳುವುದು ವಾಡಿಕೆಯಾಗಿತ್ತು. ಯೂರೋಪು ಖಂಡದ ಬ್ರನೋ ಪಟ್ಟಣದ ಮಠವೊಂದರಲ್ಲಿ ವಾಸವಾಗಿದ್ದ ಗ್ರೆಗೊರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿಯು ಎತ್ತರದ ಗಿಡವನ್ನು ಗಿಡ್ಡಗಿಡದೊಡನೆ ಸಂಕರ ಮಾಡಿ, ಹುಟ್ಟಿದ ಸಸಿಗಳನ್ನು ತಾಳ್ಮೆಯಿಂದ ಎಣಿಸಿ, ೧೮೬೬ನೆಯ ಇಸವಿಯಲ್ಲಿ ವಂಶಪಾರಂಪರ್ಯದ ನಿಯಮಗಳನ್ನು ಪ್ರಕಟಿಸಿದ ವೃತ್ತಾಂತವದು. ಕರೀಹಲಗೆಯ ಮೇಲೆ ಒಂದು ಚೌಕವನ್ನು ಬರೆದು, ಅದನ್ನು ನಾಲ್ಕು ಮನೆಗಳಾಗಿ ಭಾಗಿಸಿ, ತಂದೆಯ ಕಡೆಯ ಗುಣಗಳನ್ನು ಮೇಲೆಯೂ ತಾಯಿಯ ಕಡೆಯವನ್ನು ಪಕ್ಕದಲ್ಲಿಯೂ ಇಟ್ಟು, ಒಂದೊಂದು ಮನೆಯನ್ನಾಗಿ ತುಂಬುವಂತೆ ಹೇಳುತ್ತಿದ್ದೆವು. ಲೆಕ್ಕದ ಆಟದಂತಿದ್ದ ಈ ಪಾಠವು ಮಕ್ಕಳಿಗೆ ಬಹು ಪ್ರಿಯವಾಗಿತ್ತು.

ಕೆಲವು ವರ್ಷಗಳ ಕೆಳಗೆ, ಹಾಗೆ ನಮ್ಮಲ್ಲಿ ಪಾಠ ಕೇಳಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ಆಕೆಯ ತಾಯಿಗೆ ನಲವತ್ತು ದಾಟಿದ ಮೇಲೆ ಕೈಕಾಲುಗಳು ತಾವಾಗಿಯೇ ಅಲ್ಲಾಡತೊಡಗಿದ್ದುವಂತೆ. ನಡೆಯುವಾಗ ತೂರಾಡುವುದು, ಕೈಯಲ್ಲಿ ಹಿಡಿದ ಪಾತ್ರೆ ಜಾರಿಬೀಳುವುದು, ಶಾಂತಳಾಗಿದ್ದವಳಿಗೆ ಸಣ್ಣ ಮಾತಿಗೂ ಸಿಟ್ಟು ಏರುವುದು, ಇವೆಲ್ಲವೂ ಒಂದರ ಹಿಂದೊಂದು ಕಾಣಿಸಿಕೊಂಡುವು. ನೆರೆಯವರಲ್ಲಿ ಕೆಲವರು ಇದು ಗ್ರಹಚೇಷ್ಟೆಯೆಂದರು; ಕೆಲವರು ಬೆನ್ನ ಹಿಂದೆ ಕುಡಿತದ ಮಾತನಾಡಿದರು. ಅಜ್ಜಿಯೂ ಹೀಗೆಯೇ ತೀರಿಕೊಂಡಳೆಂಬ ಸಂಗತಿಯನ್ನು ಮನೆಯವರು ಮುಚ್ಚಿಟ್ಟಿದ್ದರು. ಕಡೆಗೆ ವೈದ್ಯರೊಬ್ಬರು ರೋಗದ ಹೆಸರನ್ನು ಹೇಳಿ, ಅದು ವಂಶದಲ್ಲಿ ಇಳಿದುಬರುವಂಥದೆಂದು ತಿಳಿಸಿದರು. ಆ ವೇಳೆಗೆ ಮಗಳಿಗೆ ವಿವಾಹದ ಮಾತುಕತೆ ನಡೆಯುತ್ತಿತ್ತು. ಆಕೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮನವರೇ, ತಾವು ಹಲಗೆಯ ಮೇಲೆ ಬರೆಯುತ್ತಿದ್ದ ಆ ನಾಲ್ಕು ಮನೆಗಳಲ್ಲಿ ನಾನು ಯಾವ ಮನೆಯಲ್ಲಿದ್ದೇನೆ?”

ಅಂದು ನಮಗೆ ಉತ್ತರ ಹೇಳಲು ತಿಳಿಯಲಿಲ್ಲ. ಪಾಠ ಹೇಳಿದವರೇ ಪಾಠವನ್ನು ಪೂರಾ ಅರಿತಿರಲಿಲ್ಲವೆಂಬುದು ನಮಗೆ ಆಗ ಗೊತ್ತಾಯಿತು. ಆ ಮೇಲೆ ಓದಿ ತಿಳಿದುಕೊಂಡ ಸಂಗತಿಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ತಂದೆತಾಯಿಗಳ ಮುಂದೆ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ರೋಗದ ಲಕ್ಷಣ

ಈ ವ್ಯಾಧಿಗೆ ಹಂಟಿಂಗ್ಟನ್ ರೋಗವೆಂದು ಹೆಸರು. ನಮ್ಮ ಮಿದುಳಿನ ಒಳಭಾಗದಲ್ಲಿ, ಅಂಗಾಂಗಗಳ ಚಲನೆಯನ್ನು ಹದವಾಗಿ ನಡೆಸುವ ನರಕೋಶಗಳ ಗುಂಪೊಂದುಂಟು. ಈ ರೋಗದಲ್ಲಿ ಆ ಕೋಶಗಳು ಮೊದಲು ಕ್ಷೀಣಿಸಿ, ಒಂದೊಂದಾಗಿ ಸಾಯುತ್ತವೆ. ಬರಬರುತ್ತ ಮಿದುಳಿನ ಇತರ ಭಾಗಗಳೂ ಸೊರಗುತ್ತವೆ. ಒಮ್ಮೆ ಸತ್ತ ನರಕೋಶದ ಸ್ಥಾನದಲ್ಲಿ ಹೊಸದು ಹುಟ್ಟಿ ನಷ್ಟವನ್ನು ತುಂಬುವುದಿಲ್ಲವಾದುದರಿಂದ ಈ ಹಾನಿಯು ಹಿಂದಿರುಗತಕ್ಕದ್ದಲ್ಲ.

ಸಾಮಾನ್ಯವಾಗಿ ಮೂವತ್ತರಿಂದ ಐವತ್ತರೊಳಗಿನ ವಯಸ್ಸಿನಲ್ಲಿ ರೋಗವು ತಲೆದೋರುತ್ತದೆ. ಅಪರೂಪವಾಗಿ ಮಕ್ಕಳಲ್ಲಿಯೂ ಕಾಣಿಸಿಕೊಳ್ಳುವುದುಂಟು. ಕೈಕಾಲು ಮುಖಗಳು ನರ್ತಿಸುವಂತೆ ಅಲುಗುವುದು ಎಲ್ಲರಿಗೂ ಕಾಣುವ ಲಕ್ಷಣ. ಆದರೆ ಅದಕ್ಕೂ ಮುಂಚೆಯೇ ಖಿನ್ನತೆ, ಮುಂಗೋಪ, ಮರೆವು, ಕೆಲಸವನ್ನು ಕ್ರಮವಾಗಿ ಮಾಡಲಾರದೆ ಹೋಗುವುದು ಮುಂತಾದುವು ಬರಬಹುದು. ಮುಂದೆ ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಲಕ್ಷಣ ತೋರಿದಂದಿನಿಂದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ರೋಗಿಯು ಮರಣ ಹೊಂದುವುದೇ ಹೆಚ್ಚು. ಯೂರೋಪಿನ ಮೂಲದ ಜನರಲ್ಲಿ ಲಕ್ಷಕ್ಕೆ ಸುಮಾರು ಹತ್ತು ಮಂದಿಗೆ ಈ ರೋಗವಿರುವುದೆಂದು ಎಣಿಕೆ. ಏಷ್ಯಾ ಖಂಡದಲ್ಲಿ ಇದು ಅದಕ್ಕಿಂತ ವಿರಳ. ವಿರಳವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ನಮ್ಮ ದೇಶದಲ್ಲಿಯೂ ಉಂಟು.

ವೈದ್ಯರ ಮೂರು ತಲೆಮಾರು

ಹಂಟಿಂಗ್ಟನ್ ಎಂಬುದು ಒಬ್ಬ ವೈದ್ಯನ ಹೆಸರು. ಜಾರ್ಜ್ ಹಂಟಿಂಗ್ಟನ್ ೧೮೫೦ರಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನಕ್ಕೆ ಸೇರಿದ ಲಾಂಗ್ ಐಲೆಂಡ್ ದ್ವೀಪದ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆಯೂ ಅಜ್ಜನೂ ಅದೇ ಊರಿನ ವೈದ್ಯರಾಗಿದ್ದರು. ಬಾಲಕನಾಗಿದ್ದಾಗ ಒಂದು ದಿನ ಅವನು ತಂದೆಯ ಜೊತೆಯಲ್ಲಿ ಗಾಡಿಯಲ್ಲಿ ಹೋಗುತ್ತಿರಲು, ದಾರಿಯಲ್ಲಿ ತಾಯಿ ಮಗಳಿಬ್ಬರು ಎದುರಾದರು. ಇಬ್ಬರೂ ಎತ್ತರದವರು, ಬಡಕಲಾದವರು. ಇಬ್ಬರ ದೇಹವೂ ಬಾಗಿ ತಿರುಚಿ ಅಲುಗುತ್ತಿತ್ತು. ಬಾಲಕನು ಬೆರಗಾಗಿ ನೋಡಿದನು. ಆ ನೋಟವು ಅವನ ಮನಸ್ಸಿನಿಂದ ಮಾಸಲೇ ಇಲ್ಲ.

ವೈದ್ಯವಿದ್ಯೆಯನ್ನು ಮುಗಿಸಿದ ಮರುವರ್ಷವೇ, ೧೮೭೨ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಅವನು ಬರೆದ ಲೇಖನವು ಫಿಲಡೆಲ್ಫಿಯದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ರೋಗವು ವಂಶದಲ್ಲಿ ಇಳಿಯುವುದು, ಪ್ರಾಯದವರಾದ ಮೇಲೆಯೇ ತೋರುವುದು, ಬುದ್ಧಿಭ್ರಮಣೆಗೂ ಆತ್ಮಹತ್ಯೆಗೂ ಎಡೆಮಾಡುವುದು ಎಂಬ ಮೂರು ಲಕ್ಷಣಗಳನ್ನು ಅವನು ಅದರಲ್ಲಿ ಸ್ಪಷ್ಟವಾಗಿ ನಿರೂಪಿಸಿದನು. ತಂದೆಗಾಗಲಿ ತಾಯಿಗಾಗಲಿ ರೋಗವಿದ್ದರೆ ಮಕ್ಕಳಿಗೆ ಬರಬಹುದು. ಆದರೆ ಒಂದು ಮಗುವು ರೋಗವಿಲ್ಲದೆ ಬಾಳಿಹೋದರೆ ಅಲ್ಲಿಗೆ ಎಳೆಯು ಹರಿಯಿತು, ಆ ಮಗುವಿನ ಸಂತತಿಗೆ ಭಯವಿಲ್ಲ ಎಂಬುದನ್ನೂ ಅವನು ಕಂಡುಕೊಂಡಿದ್ದನು. ಮೆಂಡೆಲ್ಲನ ನಿಯಮಗಳು ಆಗ ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲವೆಂಬುದನ್ನು ನೆನೆದರೆ ಇದು ಎಷ್ಟು ಸೂಕ್ಷ್ಮವಾದ ನೋಟವೆಂದು ತಿಳಿಯುತ್ತದೆ. ಇಪ್ಪತ್ತೆರಡರ ತರುಣನಿಗೆ ಇದು ಸಾಧ್ಯವಾದುದು ಹೇಗೆ? ಅಜ್ಜ, ತಂದೆ, ಮಗ ಮೂವರೂ ಅವೇ ಮನೆತನಗಳನ್ನು ತಲೆಮಾರಿನಿಂದ ತಲೆಮಾರಿಗೆ ನೋಡುತ್ತ ಬಂದಿದ್ದರು. ರೋಗವು ವಂಶದಲ್ಲಿ ಇಳಿದಂತೆ ಅದರ ಅರಿವೂ ಒಂದು ವಂಶದಲ್ಲಿಯೇ ಇಳಿದುಬಂದಿತ್ತು.

ನಾಲ್ಕು ಮನೆಗಳ ಚೌಕ

ಈಗ ಹಲಗೆಯ ಮೇಲಿನ ಚೌಕಕ್ಕೆ ಬರೋಣ. ಪ್ರತಿಯೊಂದು ವಂಶವಾಹಿಯೂ ನಮ್ಮಲ್ಲಿ ಎರಡೆರಡು ಪ್ರತಿಗಳಾಗಿ ಇರುತ್ತದೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಕೆಲವು ರೋಗಗಳು ಬರಬೇಕಾದರೆ ಎರಡು ಪ್ರತಿಗಳೂ ಕೆಟ್ಟಿರಬೇಕು. ಅಂಥ ರೋಗಗಳು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ರಕ್ತಸಂಬಂಧದ ವಿವಾಹಗಳಲ್ಲಿ ಹೆಚ್ಚಾಗಿ ತಲೆದೋರುವುದರಿಂದ, ನಮ್ಮ ಸೀಮೆಯವರು ಅವುಗಳ ವಿಚಾರವನ್ನು ವೈದ್ಯರ ಬಾಯಿಂದ ಕೇಳಿರಬಹುದು. ಹಂಟಿಂಗ್ಟನ್ ರೋಗದ ಮಾರ್ಗವು ಬೇರೆ. ಇಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಸಾಕು. ಹೊರಗಿನ ಸಂಬಂಧವನ್ನು ತಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ರೋಗವುಳ್ಳ ತಾಯಿಯಲ್ಲಿ ಒಂದು ಕೆಟ್ಟ ಪ್ರತಿಯೂ ಒಂದು ಒಳ್ಳೆಯ ಪ್ರತಿಯೂ ಇರುತ್ತವೆ. ಮಗುವಿಗೆ ಅವೆರಡರಲ್ಲಿ ಒಂದನ್ನು ಮಾತ್ರ ಆಕೆ ಕೊಡುತ್ತಾಳೆ. ಆದುದರಿಂದ ಚೌಕದ ನಾಲ್ಕು ಮನೆಗಳಲ್ಲಿ ಎರಡು ರೋಗದವು, ಎರಡು ಆರೋಗ್ಯದವು. ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಎಷ್ಟು ಸಂಭವವೋ ಅಷ್ಟೇ. ಮೊದಲನೆಯ ಮಗುವಿಗೆ ರೋಗ ಬಂದಿತು, ಇನ್ನು ಎರಡನೆಯದಕ್ಕೆ ಬಾರದು ಎಂದೆಣಿಸುವುದು ತಪ್ಪು. ಪ್ರತಿಯೊಂದು ಮಗುವಿಗೂ ನಾಣ್ಯವನ್ನು ಹೊಸದಾಗಿಯೇ ಚಿಮ್ಮಬೇಕು. ಹೆಣ್ಣು ಗಂಡೆಂಬ ಭೇದವೂ ಇದಕ್ಕಿಲ್ಲ. ತಾಯಿಯನ್ನು ಹೋಲುವ ಮಗಳಿಗೆ ರೋಗ ಬರುವುದು, ತಂದೆಯನ್ನು ಹೋಲುವವಳಿಗೆ ಬಾರದು ಎಂಬುದೂ ನಿಜವಲ್ಲ. ಯಾರ ಪಾಪಪುಣ್ಯವೂ ಈ ನಾಣ್ಯವನ್ನು ತಿರುಗಿಸುವುದಿಲ್ಲ.

ಮುಚ್ಚಿಟ್ಟುದರ ಕಾರಣ

ಇಷ್ಟು ತಿಳಿದ ಮೇಲೆಯೂ ಒಂದು ನೂರು ವರ್ಷ ಈ ರೋಗದ ವಿಚಾರದಲ್ಲಿ ಹೆಚ್ಚಿನ ಪ್ರಗತಿಯಾಗಲಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣವೆಂದರೆ, ರೋಗವುಳ್ಳ ಮನೆಗಳು ಬಾಯಿ ಬಿಡಲಿಲ್ಲ. ಬಾಯಿ ಬಿಡದಿರಲು ಅವರಿಗೆ ಕಾರಣವೂ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಇಂಥ ಮನೆತನಗಳವರಿಗೆ ಸಂತಾನವಾಗದಂತೆ ತಡೆಯಬೇಕೆಂದು ವಾದಿಸುವ ಪಂಡಿತರು ಹೆಚ್ಚಿದರು. ೧೯೩೩ರಲ್ಲಿ ಜರ್ಮನಿಯ ನಾಜಿ ಸರಕಾರವು, ಕೆಲವು ರೋಗಗಳುಳ್ಳವರ ಸಂತಾನಶಕ್ತಿಯನ್ನು ಬಲಾತ್ಕಾರವಾಗಿ ಹರಣಮಾಡುವ ಕಾನೂನನ್ನು ಹೊರಡಿಸಿದಾಗ, ಆ ರೋಗಗಳ ಪಟ್ಟಿಯಲ್ಲಿ ಹಂಟಿಂಗ್ಟನ್ ರೋಗದ ಹೆಸರನ್ನೂ ಸೇರಿಸಿತು. ವಿದ್ಯೆಯು ಕರುಣೆಯನ್ನು ಬಿಟ್ಟು ಅಧಿಕಾರದ ಕೈ ಹಿಡಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹೀಗಿರುವಲ್ಲಿ ಮನೆಯವರು ರೋಗಿಯನ್ನು ಒಳಕೋಣೆಯಲ್ಲಿ ಮುಚ್ಚಿಟ್ಟರೆಂದು ದೂರುವುದು ಹೇಗೆ?

ಆದರೂ ಮುಚ್ಚಿಟ್ಟುದರಿಂದ ಆದ ನಷ್ಟವು ದೊಡ್ಡದು. ಅದಕ್ಕೆ ಒಂದು ಮನೆತನದ ಚರಿತ್ರೆಯನ್ನು ಹೇಳುತ್ತೇವೆ.

ವೆಕ್ಸ್ಲರ್ ಸೋದರಿಯರು

ಅಮೆರಿಕದಲ್ಲಿ ಲಿಯೋನೋರ್ ಎಂಬ ಹೆಣ್ಣುಮಗಳು ತನ್ನ ತಂದೆಯು ಹಂಟಿಂಗ್ಟನ್ ರೋಗದಿಂದ ತೀರಿಕೊಂಡುದನ್ನು ಎಳೆಯ ವಯಸ್ಸಿನಲ್ಲಿ ಕಂಡಳು. ಈ ರೋಗವು ಗಂಡಸರಿಗೆ ಮಾತ್ರ ಬರತಕ್ಕದ್ದೆಂದು ಆಕೆಗೆ ತಿಳಿಸಲಾಗಿತ್ತು. ಆಕೆ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದಿದಳು, ಮಿಲ್ಟನ್ ವೆಕ್ಸ್ಲರ್ ಎಂಬ ಮನೋವಿಶ್ಲೇಷಕರನ್ನು ಮದುವೆಯಾದಳು, ಆಲಿಸ್ ಮತ್ತು ನ್ಯಾನ್ಸಿ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಪಡೆದಳು. ಮುಂದೆ ಆಕೆಯ ಮೂವರು ಸೋದರರಿಗೂ ರೋಗವು ತಗಲಿತು. ಮಕ್ಕಳಿಗೆ ಮಾತ್ರ ಅದರ ವಿಚಾರವನ್ನು ಯಾರೂ ಬಿಡಿಸಿ ಹೇಳಲಿಲ್ಲ.

೧೯೬೮ರಲ್ಲಿ ಒಂದು ಬೆಳಗ್ಗೆ ಲಾಸ್ ಏಂಜಲೀಸ್ ನಗರದಲ್ಲಿ ಆಕೆ ರಸ್ತೆ ದಾಟುತ್ತಿದ್ದಾಗ, ತೂರಾಟವನ್ನು ಕಂಡ ಪೋಲೀಸಿನವನು, ಬೆಳಗಾಗುವುದರೊಳಗೆ ಕುಡಿದು ಬಂದಿರುವೆಯಲ್ಲ, ನಾಚಿಕೆಯಿಲ್ಲವೇ ಎಂದು ಗದರಿಸಿದನು. ಆಕೆ ಕುಡಿದಿರಲಿಲ್ಲ. ಆ ಗದರಿಕೆಯಿಂದ ಕಂಗೆಟ್ಟು ವೈದ್ಯರಲ್ಲಿಗೆ ಹೋದಾಗ ನಿಜವು ಹೊರಬಿದ್ದಿತು. ಮಿಲ್ಟನ್ನರು ಮಕ್ಕಳಿಬ್ಬರನ್ನೂ ಕರೆದು, ತಾಯಿಗೆ ಬಂದಿರುವ ರೋಗ ಇಂಥದು, ನಿಮ್ಮಲ್ಲಿ ಒಬ್ಬೊಬ್ಬರಿಗೂ ಬರುವ ಸಂಭವ ಎರಡರಲ್ಲಿ ಒಂದು ಪಾಲು ಎಂದು ತಿಳಿಸಿದರು. ನ್ಯಾನ್ಸಿಗೆ ಆಗ ವಯಸ್ಸು ಇಪ್ಪತ್ತಮೂರು. ಸೋದರಿಯರಿಬ್ಬರೂ ಅಂದೇ, ತಾವು ಮಕ್ಕಳನ್ನು ಪಡೆಯುವುದಿಲ್ಲವೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರು.

ಆದರೆ ಆ ಮನೆಯವರು ಅಷ್ಟಕ್ಕೆ ಕೈಕಟ್ಟಿ ಕೂಡಲಿಲ್ಲ. ಹಿಂದಿನ ವರ್ಷ, ೧೯೬೭ರಲ್ಲಿ, ವುಡಿ ಗಥ್ರೀ ಎಂಬ ಪ್ರಖ್ಯಾತ ಜಾನಪದ ಹಾಡುಗಾರನು ಇದೇ ರೋಗದಿಂದ ತೀರಿಕೊಂಡಿದ್ದನು; ಅವನ ಪತ್ನಿಯಾಗಿದ್ದ ಮಾರ್ಜರೀ ಗಥ್ರೀ ರೋಗಿಗಳ ಮನೆಯವರನ್ನು ಕೂಡಿಸಿ ಒಂದು ಸಂಘವನ್ನು ಕಟ್ಟಿದ್ದಳು. ಮಿಲ್ಟನ್ ವೆಕ್ಸ್ಲರರು ತಾವೂ ಆ ಕೆಲಸಕ್ಕೆ ಕೈಹಾಕಿ, ೧೯೬೮ರಲ್ಲಿ ವಂಶಪಾರಂಪರ್ಯ ರೋಗಗಳ ಸಂಶೋಧನೆಗಾಗಿ ಒಂದು ಪ್ರತಿಷ್ಠಾನವನ್ನು ಆರಂಭಿಸಿ, ಬೇರೆ ಬೇರೆ ಶಾಸ್ತ್ರಗಳ ತರುಣ ವಿಜ್ಞಾನಿಗಳನ್ನು ಒಂದೆಡೆ ಸೇರಿಸಿದರು. ನ್ಯಾನ್ಸಿ ಮನಶ್ಶಾಸ್ತ್ರದಲ್ಲಿ ಪದವಿಯನ್ನು ಪಡೆದು ಆ ಕಾರ್ಯದಲ್ಲಿ ತಂದೆಗೆ ಬಲಗೈಯಾದಳು. ತಾಯಿ ಲಿಯೋನೋರ್ ೧೯೭೮ರಲ್ಲಿ ತೀರಿಕೊಂಡಳು.

ಮರಕೈಬೋ ಸರೋವರದ ತೀರ

ವಂಶವಾಹಿಯನ್ನು ಹುಡುಕಬೇಕಾದರೆ ರೋಗವುಳ್ಳ ದೊಡ್ಡ ಮನೆತನವೊಂದು ಬೇಕು. ನಾಲ್ಕೈದು ಮಂದಿಯ ರಕ್ತದಿಂದ ಏನೂ ನಿಶ್ಚಯವಾಗದು. ನೂರಾರು ನೆಂಟರಲ್ಲಿ ರೋಗವುಳ್ಳವರಾರು, ಇಲ್ಲದವರಾರು ಎಂದು ಗುರುತಿಸಿ ಹೋಲಿಸಬೇಕು. ಅಂಥ ಮನೆತನವು ದಕ್ಷಿಣ ಅಮೆರಿಕದ ವೆನೆಜುಯೆಲ ದೇಶದಲ್ಲಿತ್ತು. ಮರಕೈಬೋ ಸರೋವರದ ದಡದಲ್ಲಿರುವ ಬೆಸ್ತರ ಹಳ್ಳಿಗಳಲ್ಲಿ ಈ ರೋಗವು ವಿಶೇಷವಾಗಿ ಹಬ್ಬಿರುವುದನ್ನು ಅಮೆರಿಕೋ ನೆಗ್ರೆಟೆ ಎಂಬ ಆ ದೇಶದ ವೈದ್ಯರು ೧೯೫೦ರ ದಶಕದಲ್ಲಿಯೇ ಗುರುತಿಸಿದ್ದರು. ಹಳ್ಳಿಯ ಜನರು ರೋಗವನ್ನು ಕೇಡು ಎಂಬ ಅರ್ಥ ಬರುವ ‘ಎಲ್ ಮಾಲ್’ ಎಂಬ ಮಾತಿನಿಂದ ಕರೆಯುತ್ತಿದ್ದರು. ಹಂಟಿಂಗ್ಟನ್ನನ ಲೇಖನಕ್ಕೆ ನೂರು ವರ್ಷ ತುಂಬಿದ ೧೯೭೨ರಲ್ಲಿ ಅಮೆರಿಕದಲ್ಲಿ ನಡೆದ ವಿದ್ವತ್ಸಭೆಯೊಂದರಲ್ಲಿ ಈ ಹಳ್ಳಿಗಳ ಚಲಚ್ಚಿತ್ರವನ್ನು ತೋರಿಸಿದಾಗ ಹೊರಗಿನವರಿಗೆ ಸಂಗತಿಯು ತಿಳಿಯಿತು.

ನ್ಯಾನ್ಸಿ ವೆಕ್ಸ್ಲರ್ ೧೯೭೯ರಲ್ಲಿ ಅಲ್ಲಿಗೆ ಮೊದಲ ಬಾರಿ ಹೋದಳು. ೧೯೮೧ರಿಂದ ವೈದ್ಯರು, ದಾದಿಯರು, ವಿಜ್ಞಾನಿಗಳನ್ನು ಕೂಡಿಕೊಂಡು ವರ್ಷವರ್ಷವೂ ಹೋಗುತ್ತಿದ್ದಳು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಗುಡಿಸಲುಗಳಿಗೆ ದೋಣಿಯಲ್ಲಿ ಹೋಗಿ, ಯಾರಿಗೆ ಯಾರು ಅಜ್ಜಿ, ಯಾರು ಮೊಮ್ಮಗಳು ಎಂದು ಕೇಳಿ ಕೇಳಿ ವಂಶವೃಕ್ಷವನ್ನು ಬರೆದರು. ಕಾಲಕ್ರಮದಲ್ಲಿ ಆ ವೃಕ್ಷದಲ್ಲಿ ಹತ್ತು ತಲೆಮಾರಿನ ಹದಿನೆಂಟು ಸಾವಿರಕ್ಕಿಂತ ಹೆಚ್ಚು ಮಂದಿಯ ಹೆಸರು ಸೇರಿತು. ನಾಲ್ಕು ಸಾವಿರಕ್ಕೂ ಹೆಚ್ಚು ರಕ್ತದ ಮಾದರಿಗಳು ದೊರೆತುವು. ವೃಕ್ಷದ ಬುಡದಲ್ಲಿದ್ದವಳು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ಬಾಳಿದ ಒಬ್ಬ ಹೆಂಗಸು.

ಪರದೇಶದವರು ಬಂದು ರಕ್ತ ಕೇಳಿದರೆ ಕೊಡುವವರು ಯಾರು? ಹಳ್ಳಿಯವರು ಮೊದಲು ಅಳುಕಿದರು. ಆಗ ನ್ಯಾನ್ಸಿಯ ತಾಯಿಗೂ ಇದೇ ರೋಗವಿತ್ತೆಂದೂ, ಪರೀಕ್ಷೆಗಾಗಿ ಆಕೆ ತನ್ನ ತೋಳಿನ ಚರ್ಮದ ಚೂರನ್ನು ಕೊಟ್ಟಿರುವಳೆಂದೂ ಜೊತೆಯವರು ತಿಳಿಸಿ, ತೋಳಿನ ಮೇಲಿನ ಗುರುತನ್ನು ತೋರಿಸಿದರು. ಅಲ್ಲಿಂದ ಮುಂದೆ ಹಳ್ಳಿಯವರು ಆಕೆಯನ್ನು ತಮ್ಮವಳೆಂದು ಬಗೆದರು. ದೂರ ನಿಂತು ಪರೀಕ್ಷಿಸುವವರಿಗೆ ಮುಚ್ಚಿದ್ದ ಬಾಗಿಲು ಅದೇ ದುಃಖವನ್ನು ಉಂಡವಳಿಗೆ ತೆರೆಯಿತು.

ಎಣಿಕೆ ತಪ್ಪಿದ ಹೆಣಿಗೆ

೧೯೮೩ರಲ್ಲಿ ಬಾಸ್ಟನ್ ನಗರದ ಜೇಮ್ಸ್ ಗುಸೆಲ್ಲಾ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಈ ರಕ್ತದ ಮಾದರಿಗಳ ಸಹಾಯದಿಂದ, ರೋಗದ ವಂಶವಾಹಿಯು ನಾಲ್ಕನೆಯ ವರ್ಣತಂತುವಿನಲ್ಲಿದೆಯೆಂದು ಕಂಡುಹಿಡಿದರು. ಊರು ಗೊತ್ತಾಯಿತು, ಆದರೆ ಮನೆ ಗೊತ್ತಾಗಲಿಲ್ಲ. ಮನೆಯನ್ನು ಹುಡುಕಲು ಮತ್ತೆ ಹತ್ತು ವರ್ಷ ಹಿಡಿಯಿತು. ಆರು ತಂಡಗಳ ಐವತ್ತೆಂಟು ವಿಜ್ಞಾನಿಗಳು, ಯಾರು ಮೊದಲು ಎಂಬ ಪೈಪೋಟಿಯನ್ನು ಬದಿಗಿಟ್ಟು ಒಂದಾಗಿ ದುಡಿದು, ೧೯೯೩ರ ಮಾರ್ಚಿಯಲ್ಲಿ ಅದನ್ನು ಪ್ರಕಟಿಸಿದರು.

ದೋಷವೇನೆಂಬುದನ್ನು ಹೆಣಿಗೆಯ ದೃಷ್ಟಾಂತದಿಂದ ವಿವರಿಸಬಹುದು. ವಂಶವಾಹಿಯೆಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಉದ್ದವಾದ ಬರಹ. ಈ ವಂಶವಾಹಿಯ ಒಂದು ಕಡೆ ಸಿ, ಎ, ಜಿ ಎಂಬ ಮೂರು ಅಕ್ಷರಗಳು ಒಂದೇ ನಮೂನೆಯ ಹೊಲಿಗೆಯಂತೆ ಮತ್ತೆ ಮತ್ತೆ ಬರುತ್ತವೆ. ಆರೋಗ್ಯವಂತರಲ್ಲಿ ಈ ಹೊಲಿಗೆಯು ೨೬ ಬಾರಿಗೆ ಮೀರುವುದಿಲ್ಲ. ೨೭ರಿಂದ ೩೫ರವರೆಗೆ ಇದ್ದವರಿಗೆ ಸಾಮಾನ್ಯವಾಗಿ ರೋಗ ಬಾರದಾದರೂ ಅವರ ಮಕ್ಕಳಲ್ಲಿ ಎಣಿಕೆಯು ಬೆಳೆಯಬಹುದು. ೩೬ರಿಂದ ೩೯ ಇದ್ದವರಿಗೆ ರೋಗ ಬರಲೂಬಹುದು, ಬಾರದಿರಲೂಬಹುದು. ೪೦ ಅಥವಾ ಅದಕ್ಕಿಂತ ಹೆಚ್ಚಾದರೆ, ಸಾಮಾನ್ಯವಾದ ಆಯುಸ್ಸನ್ನು ಪಡೆದವರಿಗೆ ರೋಗವು ತಪ್ಪದು. ಎಣಿಕೆ ಹೆಚ್ಚಿದಷ್ಟೂ ರೋಗವು ಬೇಗ ತಲೆದೋರುತ್ತದೆ. ಈ ತಪ್ಪು ಬರಹದಂತೆ ತಯಾರಾಗುವ ಹಂಟಿಂಗ್ಟಿನ್ ಎಂಬ ಪ್ರೋಟೀನು ವಿಕೃತವಾಗಿ, ನರಕೋಶಗಳಿಗೆ ಹಾನಿ ಮಾಡುತ್ತದೆ.

ಹುಟ್ಟಿನಿಂದಲೇ ಇರುವ ದೋಷವು ನಲವತ್ತು ವರ್ಷ ಸುಮ್ಮನಿರುವುದೇಕೆ ಎಂಬ ಪ್ರಶ್ನೆಗೆ ಇತ್ತೀಚೆಗೆ ಒಂದು ಉತ್ತರ ದೊರೆತಿದೆ. ಅಮೆರಿಕದ ಸಂಶೋಧಕರು ೨೦೨೫ರಲ್ಲಿ ಪ್ರಕಟಿಸಿದಂತೆ, ಮಿದುಳಿನ ಕೆಲವು ಕೋಶಗಳಲ್ಲಿ ಈ ಹೊಲಿಗೆಗಳ ಸಂಖ್ಯೆಯು ಬಾಳಿನುದ್ದಕ್ಕೂ ಮೆಲ್ಲಮೆಲ್ಲನೆ ಬೆಳೆಯುತ್ತ ಹೋಗಿ, ನೂರೈವತ್ತನ್ನು ದಾಟಿದ ಮೇಲೆ ಕೋಶವು ಕೆಟ್ಟು ಸಾಯುತ್ತದೆ. ಈ ಬೆಳವಣಿಗೆಯನ್ನೇ ತಡೆದರೆ ರೋಗವನ್ನು ಮುಂದಕ್ಕೆ ತಳ್ಳಬಹುದೆಂಬ ಆಸೆಯಿಂದ ಹಲವು ಪ್ರಯೋಗಶಾಲೆಗಳು ಕೆಲಸ ಮಾಡುತ್ತಿವೆ.

ತಿಳಿಯಬೇಕೋ, ಬೇಡವೋ

ವಂಶವಾಹಿಯು ಸಿಕ್ಕಿದ ಮೇಲೆ, ರಕ್ತದ ಒಂದು ಪರೀಕ್ಷೆಯಿಂದ ರೋಗವು ಬರುವುದೋ ಇಲ್ಲವೋ ಎಂದು ಮುಂಚಿತವಾಗಿಯೇ ತಿಳಿಯಲು ಸಾಧ್ಯವಾಯಿತು. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇಲ್ಲಿ ಉತ್ತರವುಂಟು. ಆದರೆ ಇಂಥ ಪರೀಕ್ಷೆ ಬೇಕೆಂದು ಬಹುಕಾಲ ಕಾದಿದ್ದ ಮನೆತನಗಳಲ್ಲಿಯೇ ಹೆಚ್ಚಿನವರು ಅದನ್ನು ಮಾಡಿಸಿಕೊಳ್ಳಲಿಲ್ಲವೆಂಬುದು ವಿಚಾರಮಾಡತಕ್ಕ ಸಂಗತಿ. ಗುಣಪಡಿಸುವ ಮದ್ದಿಲ್ಲದಿರುವಾಗ ತಿಳಿದು ಮಾಡುವುದೇನೆಂದು ಕೆಲವರು ಹಿಂಜರಿದರು. ಸಂದೇಹದಲ್ಲಿ ಬಾಳುವುದಕ್ಕಿಂತ ನಿಶ್ಚಯದಲ್ಲಿ ಬಾಳುವುದು ಲೇಸೆಂದು ಕೆಲವರು ಮುಂದೆ ಬಂದರು. ಎರಡೂ ಸರಿಯೇ. ಈ ವಿಷಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಆಜ್ಞೆ ಮಾಡತಕ್ಕದ್ದಲ್ಲ.

ನ್ಯಾನ್ಸಿ ವೆಕ್ಸ್ಲರ್ ತಾನು ಪರೀಕ್ಷೆ ಮಾಡಿಸಿಕೊಂಡಳೋ ಇಲ್ಲವೋ ಎಂಬುದನ್ನು ಬಹು ವರ್ಷ ಯಾರಿಗೂ ಬಹಿರಂಗವಾಗಿ ಹೇಳಲಿಲ್ಲ. ೨೦೨೦ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ತನಗೂ ರೋಗವು ಬಂದಿದೆಯೆಂದು ತಾನೇ ಲೋಕಕ್ಕೆ ತಿಳಿಸಿದಳು. ಆಲಿಸಳಿಗೆ ರೋಗ ಬರಲಿಲ್ಲ. ಆಕೆ ಇತಿಹಾಸಕಾರಳಾಗಿ ತನ್ನ ಮನೆತನದ ಕಥೆಯನ್ನು ಗ್ರಂಥವಾಗಿ ಬರೆದಿದ್ದಾಳೆ. ಒಂದೇ ತಾಯಿಯ ಮಕ್ಕಳಿಬ್ಬರಿಗೆ ನಾಣ್ಯವು ಎರಡು ಬಗೆಯಾಗಿ ಬಿದ್ದಿತು.

ಪರೀಕ್ಷೆಗೆ ವೈದ್ಯಲೋಕವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದೆ. ಮುಂಚೆಯೂ ಆ ಮೇಲೆಯೂ ತಿಳಿದವರಿಂದ ಸಲಹೆ ದೊರೆಯಬೇಕು. ಯಾರೂ ಬಲವಂತ ಮಾಡಕೂಡದು. ಫಲವನ್ನು ಪರೀಕ್ಷೆಗೆ ಒಳಗಾದವರಿಗಲ್ಲದೆ ಇತರರಿಗೆ ತಿಳಿಸಕೂಡದು. ರೋಗದ ಲಕ್ಷಣವಿಲ್ಲದ ಎಳೆಯ ಮಕ್ಕಳನ್ನು ಪರೀಕ್ಷಿಸಕೂಡದು. ಅವರು ದೊಡ್ಡವರಾಗಿ ತಾವೇ ನಿಶ್ಚಯಿಸಲಿ. ಸಂತಾನವನ್ನು ಬಯಸುವವರಿಗೆ, ಪ್ರಯೋಗಶಾಲೆಯಲ್ಲಿ ಭ್ರೂಣವನ್ನು ಮೊದಲೇ ಪರೀಕ್ಷಿಸಿ ದೋಷವಿಲ್ಲದುದನ್ನು ಗರ್ಭದಲ್ಲಿರಿಸುವ ಮಾರ್ಗವೂ ಈಗ ಉಂಟು. ಅದನ್ನು ಕೈಕೊಳ್ಳುವುದೂ ಬಿಡುವುದೂ ಅವರವರ ಮನಸ್ಸಾಕ್ಷಿಗೆ ಸೇರಿದ್ದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ರೋಗದ ತಪಾಸಣೆಯೂ ಸಲಹೆಯೂ ದೊರೆಯುತ್ತವೆ.

ಚಿಕಿತ್ಸೆಯ ವಿಚಾರ

ರೋಗವನ್ನು ಬುಡಸಹಿತ ಕೀಳುವ ಮದ್ದು ಇನ್ನೂ ಇಲ್ಲವೆಂಬುದನ್ನು ಮೊದಲು ಹೇಳಬೇಕು. ಅಂಗಗಳ ಅಲುಗಾಟವನ್ನು ತಗ್ಗಿಸುವ ಟೆಟ್ರಬೆನಜಿನ್ ಎಂಬ ಔಷಧಕ್ಕೆ ೨೦೦೮ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆ ಬಳಿಕ ಅದೇ ಜಾತಿಯ ಬೇರೆ ಔಷಧಗಳೂ ಬಂದಿವೆ. ಖಿನ್ನತೆಗೆ ಮದ್ದು ಉಂಟು. ಅಂಗಸಾಧನೆ, ಮಾತಿನ ಅಭ್ಯಾಸ, ನುಂಗಲು ತಕ್ಕ ಮೆದುವಾದ ಆಹಾರ, ದೇಹ ಸೊರಗದಂತೆ ಹೆಚ್ಚಿನ ಪುಷ್ಟಿ, ಇವುಗಳಿಂದ ರೋಗಿಯ ದಿನಗಳು ಹಗುರವಾಗುತ್ತವೆ.

ಮೂಲವನ್ನೇ ಹಿಡಿಯುವ ಯತ್ನವು ೨೦೧೫ರಲ್ಲಿ ಆರಂಭವಾಯಿತು. ಕೆಟ್ಟ ಬರಹದಿಂದ ಪ್ರೋಟೀನು ತಯಾರಾಗದಂತೆ ತಡೆಯುವ ಟೊಮಿನರ್ಸೆನ್ ಎಂಬ ಔಷಧವನ್ನು, ಲಂಡನ್ನಿನ ಸಾರಾ ತಬ್ರೀಜೀ ಎಂಬ ವೈದ್ಯೆಯ ನೇತೃತ್ವದಲ್ಲಿ, ರೋಗಿಗಳ ಬೆನ್ನುಹುರಿಯ ದ್ರವಕ್ಕೆ ಚುಚ್ಚುಮದ್ದಿನ ಮೂಲಕ ಕೊಟ್ಟರು. ವಿಕೃತ ಪ್ರೋಟೀನು ಕಡಿಮೆಯಾದುದು ಕಂಡುಬಂದಿತು. ಎಲ್ಲೆಲ್ಲಿಯೂ ಹರ್ಷವಾಯಿತು. ಆದರೆ ದೊಡ್ಡ ಪ್ರಯೋಗವನ್ನು ನಡೆಸಿದಾಗ ರೋಗಿಗಳಿಗೆ ಗುಣ ಕಾಣಲಿಲ್ಲ; ಹೆಚ್ಚು ಬಾರಿ ಔಷಧ ಪಡೆದವರ ಸ್ಥಿತಿಯು ಇಳಿಮುಖವಾಯಿತು. ೨೦೨೧ರ ಮಾರ್ಚಿಯಲ್ಲಿ ಔಷಧ ಕೊಡುವುದನ್ನು ನಿಲ್ಲಿಸಿದರು. ಆ ದಿನ ಎಷ್ಟು ಮನೆಗಳಲ್ಲಿ ದೀಪವು ಮಂಕಾಯಿತೋ ನಾವು ಊಹಿಸಬಹುದು.

ಇನ್ನೊಂದು ಮಾರ್ಗದಲ್ಲಿ, ಅಪಾಯವಿಲ್ಲದ ವೈರಾಣುವನ್ನು ವಾಹನವಾಗಿ ಮಾಡಿಕೊಂಡು, ಪ್ರೋಟೀನನ್ನು ತಗ್ಗಿಸುವ ಆದೇಶವನ್ನು ಮಿದುಳಿನ ಆ ಭಾಗಕ್ಕೇ ಒಯ್ಯುತ್ತಾರೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಹನ್ನೆರಡರಿಂದ ಹದಿನೆಂಟು ಗಂಟೆ ಹಿಡಿಯುವ ಶಸ್ತ್ರಕ್ರಿಯೆಯಿಂದ ಒಂದೇ ಬಾರಿ ಕೊಡುವ ಚಿಕಿತ್ಸೆಯಿದು. ಹೆಚ್ಚಿನ ಪ್ರಮಾಣವನ್ನು ಪಡೆದು ಮೂರು ವರ್ಷ ಪೂರೈಸಿದ ಹನ್ನೆರಡು ರೋಗಿಗಳಲ್ಲಿ ರೋಗದ ವೇಗವು ನೂರಕ್ಕೆ ಎಪ್ಪತ್ತೈದರಷ್ಟು ತಗ್ಗಿತೆಂದು ೨೦೨೫ರ ಸೆಪ್ಟೆಂಬರಿನಲ್ಲಿ ಅದರ ತಯಾರಕರು ಸಾರಿದರು. ಸಂತೋಷದ ವಾರ್ತೆಯೇ ಸರಿ. ಆದರೆ ಮಂದಿ ಹನ್ನೆರಡೇ. ಹೋಲಿಸಿದುದು ಪ್ರಯೋಗದ ಹೊರಗಿನ ರೋಗಿಗಳ ದಾಖಲೆಗಳೊಡನೆ. ಹಿಂದೆ ಒಮ್ಮೆ ಆಸೆಗೆ ಪೆಟ್ಟು ಬಿದ್ದಿರುವುದರಿಂದ, ಇನ್ನೂ ಹೆಚ್ಚಿನ ಸಾಕ್ಷ್ಯ ಬೇಕೆನ್ನುವವರ ಮಾತನ್ನು ಕಠಿಣವೆಂದು ತಿಳಿಯಬಾರದು.

ಇಲ್ಲಿ ಒಂದು ಋಣವನ್ನು ಮರೆಯಬಾರದು. ಈ ಅರಿವೆಲ್ಲವೂ ಮರಕೈಬೋ ತೀರದ ಬಡಜನರ ರಕ್ತದಿಂದ ಬಂದದ್ದು. ದುಬಾರಿಯಾದ ಚಿಕಿತ್ಸೆಗಳ ಪ್ರಯೋಗಗಳು ನಡೆದದ್ದು ಸಿರಿವಂತ ದೇಶಗಳಲ್ಲಿ. ಕೊಟ್ಟವರ ಮಕ್ಕಳು ಇಂದಿಗೂ ಬಡತನದಲ್ಲಿದ್ದಾರೆ. ೨೦೧೭ರ ಮೇ ೧೮ರಂದು ವೆನೆಜುಯೆಲ ಮೊದಲಾದ ದೇಶಗಳ ಇಂಥ ಕುಟುಂಬಗಳನ್ನು ರೋಮಿಗೆ ಕರೆಸಿಕೊಂಡು ಪೋಪ್ ಫ್ರಾನ್ಸಿಸರು ಕಂಡರು. ಈ ರೋಗವನ್ನು ಇನ್ನು ಮುಚ್ಚಿಡತಕ್ಕದ್ದಲ್ಲವೆಂಬುದೇ ಆ ಸಭೆಯ ಸಾರವಾಗಿತ್ತು.

ಸಮಾಪ್ತಿ

ನಮ್ಮ ವಾಚಕರಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. ನಮ್ಮ ಬಿನ್ನಹವು ಇಷ್ಟೇ. ತೂರಾಡುವವರನ್ನು ಕಂಡ ಕೂಡಲೆ ಕುಡುಕರೆಂದೂ, ಅಂಗ ಅಲುಗುವವರನ್ನು ಕಂಡ ಕೂಡಲೆ ಗ್ರಹ ಹಿಡಿದವರೆಂದೂ ಹೇಳದಿರಿ. ಮನೆಯಲ್ಲಿ ವಂಶಪಾರಂಪರ್ಯವಾದ ರೋಗವಿದ್ದರೆ, ಮಕ್ಕಳು ತಿಳಿಯುವ ವಯಸ್ಸಿಗೆ ಬಂದಾಗ ಮೆಲ್ಲನೆ ತಿಳಿಸಿರಿ. ಪೋಲೀಸಿನವನ ಗದರಿಕೆಯಿಂದ ತಿಳಿಯುವುದಕ್ಕಿಂತ ತಾಯಿಯ ಬಾಯಿಂದ ತಿಳಿಯುವುದು ಮೇಲು. ಮದುವೆಯ ಮಾತಿನಲ್ಲಿ ನಿಜವನ್ನು ಮರೆಸದಿರಿ. ನಿಜವನ್ನು ಹೇಳಿದವರನ್ನು ಹೊರಗೆ ನೂಕದಿರಿ. ಎರಡನೆಯದನ್ನು ಮಾಡದವರಿಗೆ ಮೊದಲನೆಯದನ್ನು ಕೇಳುವ ಹಕ್ಕಿಲ್ಲ.

ಆ ವಿದ್ಯಾರ್ಥಿನಿಯು ಮುಂದೆ ಬೆಂಗಳೂರಿಗೆ ಹೋಗಿ ಸಲಹೆ ಪಡೆದು ಬಂದಳು. ಗೊತ್ತಾಗಿದ್ದ ವರನಿಗೆ ತಾನೇ ಎದುರು ಕುಳಿತು ಎಲ್ಲವನ್ನೂ ಹೇಳಿದಳು. ಆ ಸಂಬಂಧವು ಮುರಿಯಿತು. ಕೆಲವು ಕಾಲದ ಮೇಲೆ, ಎಲ್ಲವನ್ನೂ ಕೇಳಿ ತಿಳಿದ ಮತ್ತೊಬ್ಬರು ಆಕೆಯನ್ನು ವರಿಸಿದರು. ಈಗ ಆಕೆ ತನ್ನ ತಾಯಿಯನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಂಡು, ತುತ್ತು ತುತ್ತಾಗಿ ತಾನೇ ಉಣಿಸುತ್ತಾಳೆ. ಸಾಯಂಕಾಲ ಆಕೆಯ ಕೈ ಹಿಡಿದುಕೊಂಡು ಬೀದಿಯಲ್ಲಿ ಎಲ್ಲರೆದುರಿಗೆ ನಡೆಸಿಕೊಂಡು ಹೋಗುತ್ತಾಳೆ. ತಾನು ಪರೀಕ್ಷೆ ಮಾಡಿಸಿಕೊಂಡಳೋ ಇಲ್ಲವೋ ಎಂದು ಆಕೆ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.